ಎಂಸಿಬಿ ಬಿದ್ದಿಲ್ಲ ಎಂದರೆ ಎಲ್ಲ ಸರಿಯಿದೆ ಎಂದಲ್ಲ

‘ಕರೆಂಟ್ ಬಂತು’, ‘ಕರೆಂಟ್ ಹೋಯಿತು’ ಎಂದು ನಾವು ದಿನವೂ ಹೇಳುವಾಗ ನಿಜಕ್ಕೂ ಮಾತಾಡುತ್ತಿರುವುದು ವೋಲ್ಟೇಜಿನ ಬಗ್ಗೆ. ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಮನೆಗೆ ಬೀಗ ಹಾಕಿ ಊರಿಗೆ ಹೋಗಿದ್ದಾಗಲೂ ಮೀಟರಿನಿಂದ ಬಂದ ಫೇಸ್ (ವಿದ್ಯುತ್ ತರುವ) ಮತ್ತು ನ್ಯೂಟ್ರಲ್ (ಅದು ಮರಳುವ) ತಂತಿಗಳ ನಡುವೆ 230 ವೋಲ್ಟ್ ಇದ್ದೇ ಇರುತ್ತದೆ. ಆದರೆ ಅಲ್ಲಿ ಹರಿಯುವ ಕರೆಂಟ್ ಸೊನ್ನೆ. ಮಹಡಿಯ ಮೇಲಿನ ಟ್ಯಾಂಕ್ ತುಂಬಿದ್ದು ನಲ್ಲಿಗಳೆಲ್ಲ ಮುಚ್ಚಿರುವಾಗ ಪೈಪಿನಲ್ಲಿ ಒತ್ತಡ ಇರುತ್ತದೆ, ಹರಿವು ಇರುವುದಿಲ್ಲ ಎಂದು ಹೇಳಿದರೆ ಮನೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಆದರೆ ಈ ಹೋಲಿಕೆಗೆ ಒಂದು ಮಿತಿಯಿದೆ, ಅದನ್ನೂ ನಾನು ಜೊತೆಯಲ್ಲೇ ಹೇಳುತ್ತೇನೆ. ಪೈಪ್ ಒಡೆದರೆ ನೀರು ಹೊರಗೆ ಸುರಿದುಹೋಗುತ್ತದೆ. ವಿದ್ಯುತ್ ಹಾಗೆ ಸುರಿದುಹೋಗುವುದಿಲ್ಲ, ಹೊರಟ ಜಾಗಕ್ಕೆ ಮರಳುವ ದಾರಿ ಇದ್ದರೆ ಮಾತ್ರ ಅದು ಹರಿಯುತ್ತದೆ. ಆ ಮರಳುವ ದಾರಿ ನ್ಯೂಟ್ರಲ್ ತಂತಿಯಾಗಿರಬಹುದು, ಅರ್ಥ್ ತಂತಿಯಾಗಿರಬಹುದು, ಒದ್ದೆ ನೆಲದ ಮೇಲೆ ನಿಂತ ಮನುಷ್ಯನ ಮೈಯೂ ಆಗಿರಬಹುದು. ಮನೆಯ ರಕ್ಷಣೆಯ ಬಗ್ಗೆ ಯಾರಾದರೂ ಕೇಳಿದಾಗ ನಾನು ಮೊದಲು ಕೇಳಿಕೊಳ್ಳುವುದು, ಈ ತೊಂದರೆಯಲ್ಲಿ ಕರೆಂಟ್ ಯಾವ ದಾರಿಯಲ್ಲಿ ಮರಳುತ್ತದೆ, ಆ ದಾರಿಯನ್ನು ನೋಡುವ ಸಾಧನ ಬೋರ್ಡಿನಲ್ಲಿ ಯಾವುದಿದೆ ಎಂದು.

ಬಹುಪಾಲು ಮನೆಗಳಲ್ಲಿ ಜನ ನಂಬಿರುವುದು ಎಂಸಿಬಿಯನ್ನು, ಅಂದರೆ ಕರೆಂಟ್ ಮಿತಿ ಮೀರಿದರೆ ತಾನಾಗಿ ಕೆಳಗೆ ಬಿದ್ದು ಸಂಪರ್ಕ ಕಡಿಯುವ ಬೋರ್ಡಿನ ಸ್ವಿಚ್ಚನ್ನು. ಅದು ಒಳ್ಳೆಯ ಸಾಧನವೇ, ಆದರೆ ಅದು ಕಾಯುವುದು ಗೋಡೆಯೊಳಗಿನ ತಂತಿಯನ್ನು. ತನ್ನ ಮೂಲಕ ಎಷ್ಟು ಕರೆಂಟ್ ಹೋಗುತ್ತಿದೆ ಎಂಬುದೊಂದನ್ನೇ ಅದು ನೋಡುತ್ತದೆ. ಅದರೊಳಗೆ ಬಿಸಿಯಾದರೆ ಬಾಗುವ ಜೋಡಿಲೋಹದ ಒಂದು ಪಟ್ಟಿ ಇರುತ್ತದೆ, ಇದು ನಿಧಾನ. ಇನ್ನೊಂದು ತಂತಿಸುರುಳಿಯ ಅಯಸ್ಕಾಂತ, ಇದು ಕ್ಷಣಾರ್ಧದ್ದು. 16 ಆಂಪಿಯರಿನ ಎಂಸಿಬಿ 17 ಆಂಪಿಯರ್ ಹರಿದ ಕೂಡಲೇ ಬೀಳುತ್ತದೆ ಎಂದು ಹಲವರು ತಿಳಿದಿದ್ದಾರೆ. ಮಾನದಂಡ ಹೇಳುವುದೇ ಬೇರೆ: ನಮೂದಿಸಿದ ಮಟ್ಟದ 1.13 ಪಟ್ಟು, ಅಂದರೆ ಸುಮಾರು 18 ಆಂಪಿಯರ್ ಹರಿದರೆ ಅದು ಒಂದು ಗಂಟೆಯೊಳಗೆ ಬೀಳಕೂಡದು, 1.45 ಪಟ್ಟು, ಅಂದರೆ ಸುಮಾರು 23 ಆಂಪಿಯರ್ ಹರಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. ಮನೆಗಳಲ್ಲಿ ಹೆಚ್ಚಾಗಿ ಕಾಣುವ ‘ಸಿ’ ಮಾದರಿಯಲ್ಲಿ ಅಯಸ್ಕಾಂತ ಕೆಲಸ ಮಾಡುವುದು 5ರಿಂದ 10 ಪಟ್ಟಿನ ನಡುವೆ, 16 ಆಂಪಿಯರಿನದಾದರೆ 80ರಿಂದ 160 ಆಂಪಿಯರ್ ಹರಿದಾಗ. ಈ ಅಂಕಿಗಳನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತವೆ.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೂ ಬಂದ ಮೇಲೆ ಬಹಳ ಕಾಲ ಈ ಊರಿನ ಮನೆಗಳಲ್ಲಿ ವಿದ್ಯುತ್ತೆಂದರೆ ದೀಪವೇ ಆಗಿತ್ತು. ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳಲ್ಲಿ ದೀಪ, ಫ್ಯಾನು, ರೇಡಿಯೊಗಳನ್ನು ಲೆಕ್ಕದಲ್ಲಿಟ್ಟು ಎಳೆದ ತಂತಿಗಳು ನನಗೆ ಈಗಲೂ ಸಿಗುತ್ತವೆ. ಅದೇ ತಂತಿಯ ಮೇಲೆ ಇಂದು 2 ಕಿಲೋವ್ಯಾಟಿನ ಇಂಡಕ್ಷನ್ ಒಲೆ, ಮೈಕ್ರೋವೇವ್, ಮಿಕ್ಸಿ ಎಲ್ಲವೂ ಏಕಕಾಲಕ್ಕೆ ಕುಳಿತಿರುತ್ತವೆ. ಎಂಸಿಬಿ ಪದೇ ಪದೇ ಬೀಳುತ್ತದೆ. ಯಾರೋ ಬಂದು 16 ತೆಗೆದು 32 ಹಾಕಿಹೋಗುತ್ತಾರೆ. ಅಲ್ಲಿಗೆ ತೊಂದರೆ ತೀರಿತೆಂದು ಮನೆಯವರು ನೆಮ್ಮದಿಯಾಗುತ್ತಾರೆ. ಪೈಪಿನೊಳಗಿನ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಸುರಕ್ಷಿತವಾಗಿ ಹೊರುವುದು 20 ಆಂಪಿಯರ್ ಆಸುಪಾಸು. 32ರ ಎಂಸಿಬಿ 46 ಆಂಪಿಯರನ್ನು ಒಂದು ಗಂಟೆಯವರೆಗೂ ಬಿಟ್ಟುಕೊಡಬಹುದು. ಕರೆಂಟ್ ಎರಡರಷ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕರಷ್ಟಾಗುತ್ತದೆ ಎಂಬುದನ್ನು ಇದಕ್ಕೆ ಸೇರಿಸಿಕೊಂಡರೆ, ಆ ಗೋಡೆಯೊಳಗೆ ಪಿವಿಸಿ ಹೊದಿಕೆಯ ಗತಿ ಏನಾಗುತ್ತಿರಬಹುದೆಂದು ಹೇಳಬೇಕಾಗಿಲ್ಲ. ತಂತಿ ಬದಲಿಸದೆ ಎಂಸಿಬಿ ದೊಡ್ಡದು ಮಾಡುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ.

ತಂತಿ ಮತ್ತು ಎಂಸಿಬಿ ಸರಿಯಾಗಿದ್ದರೂ ಬೆಂಕಿ ಹುಟ್ಟುವ ಇನ್ನೊಂದು ಜಾಗ ಸಡಿಲವಾದ ಕೂಡಿಕೆ. ಗೀಸರಿನ ಸಾಕೆಟ್ಟಿನ ಒಂದು ತೂತಿನ ಸುತ್ತ ಕಂದು ಬಣ್ಣ ತಿರುಗಿದ್ದು, ಪ್ಲಗ್ ಕಿತ್ತಾಗ ಸುಟ್ಟ ಮೀನಿನಂಥ ವಾಸನೆ ಬಂದರೆ ಅದು ಇದೇ. 3 ಕಿಲೋವ್ಯಾಟಿನ ಗೀಸರ್ 13 ಆಂಪಿಯರ್ ಎಳೆಯುತ್ತದೆ. ಸಡಿಲಗೊಂಡ ಆ ಪಿನ್ನಿನಲ್ಲಿ ಅರ್ಧ ಓಮ್ ರೋಧ (ಕರೆಂಟಿನ ಹರಿವಿಗೆ ತಡೆ) ಸೇರಿಕೊಂಡರೆ, ಶಾಖವೆಂದರೆ ಕರೆಂಟಿನ ವರ್ಗ ಗುಣಿಸು ರೋಧ: 13ರ ವರ್ಗ 169, ಅದರ ಅರ್ಧ 84 ವ್ಯಾಟ್. ಸಣ್ಣ ಸೋಲ್ಡರಿಂಗ್ ಐರನ್ ಒಂದರ ಮೂರು ಪಟ್ಟು ಶಾಖ ಬೆರಳ ತುದಿಯಷ್ಟು ಜಾಗದಲ್ಲಿ ಹುಟ್ಟುತ್ತದೆ. ಇಲ್ಲಿ ಒಟ್ಟು ಕರೆಂಟ್ ಹೆಚ್ಚುವುದಿಲ್ಲ, ರೋಧ ಸೇರಿದ್ದರಿಂದ ತುಸು ಕಡಿಮೆಯೇ ಆಗುತ್ತದೆ. ಆದ್ದರಿಂದ ಎಂಸಿಬಿಗೆ ಇದು ಕಾಣುವುದೇ ಇಲ್ಲ. ಇದನ್ನು ಕಾಣಬೇಕಾದದ್ದು ನಮ್ಮ ಕಣ್ಣು ಮತ್ತು ಮೂಗು, ಸರಿಪಡಿಸಬೇಕಾದದ್ದು ಸ್ಕ್ರೂಡ್ರೈವರ್.

ಕೆಲವು ವರ್ಷಗಳ ಹಿಂದೆ, ಏಪ್ರಿಲಿನ ಬಿರುಬಿಸಿಲಿನಲ್ಲಿ, ವಿಜಯನಗರದ ಒಂದು ಮನೆಯಿಂದ ಫೋನ್ ಬಂತು. “ಬಚ್ಚಲಲ್ಲಿ ನಲ್ಲಿ ಮುಟ್ಟಿದ್ರೆ ಜುಮ್ ಅನ್ನತ್ತೆ ಸಾರ್. ಆದ್ರೆ ಎಂಸಿಬಿ ಬಿದ್ದಿಲ್ಲ, ಹಂಗಾಗಿ ಏನೂ ಇರಲಿಕ್ಕಿಲ್ಲ ಅಂತಾರೆ ಇವರು,” ಎಂದರು ಮನೆಯಾಕೆ. “ಅಮ್ಮಾ, ಮೊದಲು ಮೇನ್ ಆಫ್ ಮಾಡಿ. ನಾನು ಬರೋವರೆಗೂ ಯಾರೂ ಬಚ್ಚಲಿಗೆ ಹೋಗ್ಬೇಡಿ,” ಎಂದು ಹೇಳಿ ಹೊರಟೆ. ಗೀಸರಿನ ಎಲಿಮೆಂಟಿನ ಒಳಗಿನ ನಿರೋಧಕ ಹಾಳಾಗತೊಡಗಿತ್ತು, ನಲ್ಲಿಯ ಮೇಲೆ 40 ವೋಲ್ಟ್ ಆಸುಪಾಸು ಕಂಡಿತು. ಅರ್ಥ್ ತಂತಿ ಗೀಸರಿಗೆ ಸರಿಯಾಗಿಯೇ ಸೇರಿತ್ತು. ಹಾಗಾದರೆ ಆ ತಂತಿ ನೆಲಕ್ಕೆ ಸೇರುವ ಅರ್ಥ್ ಗುಂಡಿ ಎಲ್ಲಿ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಕಾರು ನಿಲ್ಲಿಸಲು ಹಾಸಿದ ಟೈಲ್ಸಿನ ಕೆಳಗೆ ಅದು ಮುಚ್ಚಿಹೋಗಿತ್ತು, ನೀರು ಕಾಣದೆ ವರ್ಷಗಳೇ ಆಗಿದ್ದವು. ಮೂವತ್ತು-ನಲವತ್ತರ ಸೈಟಿನಲ್ಲಿ, ಗುಂಡಿಯ ರೋಧ ಅಳೆಯಲು ನೆಲಕ್ಕೆ ಹೊಡೆಯಬೇಕಾದ ಕಂಬಿಗಳಿಗೆ ಮಣ್ಣಿರುವ ಜಾಗವೇ ಇರುವುದಿಲ್ಲ. ರಸ್ತೆಯಂಚಿನ ಹೊಂಗೆ ಮರದ ಬುಡಕ್ಕೆ ಹೋಗಿ ಹೊಡೆದು ನೋಡಿದಾಗ ಗುಂಡಿಯ ರೋಧ 18 ಓಮ್ ಬಂತು.

ಆ ಎಲಿಮೆಂಟ್ ಪೂರ್ತಿ ಹೋಗಿ ಫೇಸ್ ನೇರವಾಗಿ ಗೀಸರಿನ ಮೈಗೆ ತಗುಲಿದ್ದರೆ ಏನಾಗುತ್ತಿತ್ತು ಎಂದು ಅಲ್ಲೇ ಲೆಕ್ಕ ಹಾಕಿ ತೋರಿಸಿದೆ. ಕರೆಂಟ್ ಅರ್ಥ್ ಗುಂಡಿಗೆ ಇಳಿದು, ಮಣ್ಣಿನ ಮೂಲಕ ಟ್ರಾನ್ಸ್‌ಫಾರ್ಮರಿನ ಅರ್ಥಿಗೆ ಮರಳಬೇಕು. ಅಲ್ಲಿಯದು 2 ಓಮ್ ಎಂದುಕೊಂಡರೆ ಒಟ್ಟು 20 ಓಮ್, 230 ವೋಲ್ಟಿಗೆ ಹರಿಯುವುದು 11.5 ಆಂಪಿಯರ್. ಆ ಗೀಸರಿಗಿದ್ದ 20 ಆಂಪಿಯರಿನ ಎಂಸಿಬಿಗೆ ಇದು ಮಾಮೂಲಿ ಲೋಡು, ಅದು ಎಷ್ಟು ಹೊತ್ತಾದರೂ ಬೀಳುವುದಿಲ್ಲ. ಅಷ್ಟು ಹೊತ್ತೂ ಗೀಸರಿನ ಮೈಯ ಮೇಲೆ 207 ವೋಲ್ಟ್ (11.5 ಆಂಪಿಯರ್ ಗುಣಿಸು 18 ಓಮ್) ನಿಂತಿರುತ್ತದೆ. ಗುಂಡಿಗೆ ನೀರು ಸುರಿದು, ಮಣ್ಣು ಹದಗೊಳಿಸಿ 5 ಓಮಿಗೆ ಇಳಿಸಿದರೂ ಹರಿಯುವುದು 33 ಆಂಪಿಯರ್. ಕ್ಷಣಾರ್ಧದಲ್ಲಿ ಬೀಳಲು ಬೇಕಾದ ಕನಿಷ್ಠ 100 ಆಂಪಿಯರ್ ಎಲ್ಲಿ, ಇದೆಲ್ಲಿ? ಎಂಸಿಬಿ ಬೀಳಲು ನಿಮಿಷಗಟ್ಟಲೆ ಹಿಡಿಯಬಹುದು. ಬೆಂಗಳೂರಿನ ಎಷ್ಟೋ ಕಡೆ ಕೆಂಪು ಮಣ್ಣಿನ ತೆಳು ಪದರದ ಕೆಳಗೇ ಬಂಡೆ ಸಿಗುತ್ತದೆ, ಬೇಸಿಗೆಯಲ್ಲಿ ಮೇಲಿನ ಮಣ್ಣೂ ಒಣಗುತ್ತದೆ. ಇಂಥ ನೆಲದಲ್ಲಿ ಅರ್ಥ್ ಗುಂಡಿಯೊಂದರಿಂದಲೇ ಎಂಸಿಬಿಯನ್ನು ಬೀಳಿಸುತ್ತೇನೆ ಎನ್ನುವುದು ಆಗದ ಮಾತು.

ಮನುಷ್ಯನ ಮೈಯ ಲೆಕ್ಕ ಆಂಪಿಯರಿನಲ್ಲಿ ಅಲ್ಲ, ಮಿಲಿಆಂಪಿಯರಿನಲ್ಲಿ. ಒಂದು ಮಿಲಿಆಂಪಿಯರ್ ಹರಿದರೆ ಜುಮ್ ಎನ್ನುತ್ತದೆ. 10ರ ಸುಮಾರಿಗೆ ಸ್ನಾಯು ಬಿಗಿದು ಹಿಡಿದದ್ದನ್ನು ಬಿಡಲಾಗುವುದಿಲ್ಲ. 30 ದಾಟಿ ಸ್ವಲ್ಪ ಹೊತ್ತು ನಿಂತರೆ ಹೃದಯದ ಬಡಿತ ಕೆಡುವ ಅಪಾಯ ಶುರುವಾಗುತ್ತದೆ. ಒದ್ದೆ ಮೈಯ ರೋಧ 1000 ಓಮ್ ಎಂದಿಟ್ಟುಕೊಂಡರೆ, ಆ 207 ವೋಲ್ಟಿಗೆ ಹರಿಯುವುದು 200 ಮಿಲಿಆಂಪಿಯರಿಗೂ ಹೆಚ್ಚು. 20 ಆಂಪಿಯರ್ ಎಣಿಸುವ ಎಂಸಿಬಿಗೆ ಅದು ಗಮನಕ್ಕೇ ಬಾರದ ಮೊತ್ತ.

ಇದನ್ನು ನೋಡುವ ಸಾಧನವೇ ಆರ್‌ಸಿಸಿಬಿ. ಅದರೊಳಗಿನ ಒಂದು ಬಳೆಯ ಮೂಲಕ ಫೇಸ್ ಮತ್ತು ನ್ಯೂಟ್ರಲ್ ಎರಡೂ ಹಾದುಹೋಗುತ್ತವೆ. ಹೋದದ್ದಕ್ಕೂ ಮರಳಿದ್ದಕ್ಕೂ ತಾಳೆಯಾದರೆ ಬಳೆಯಲ್ಲಿ ಅಯಸ್ಕಾಂತ ಪ್ರಭಾವ ಉಳಿಯುವುದಿಲ್ಲ. ನೆಲದ ಮೂಲಕವೋ ಮೈಯ ಮೂಲಕವೋ ಸ್ವಲ್ಪ ಬೇರೆ ದಾರಿ ಹಿಡಿದರೆ ವ್ಯತ್ಯಾಸ ಉಳಿಯುತ್ತದೆ, ಅದು ಸಂಪರ್ಕವನ್ನು ಕಡಿದುಹಾಕುತ್ತದೆ. ಮನೆಗೆ ಬೇಕಾದದ್ದು 30 ಮಿಲಿಆಂಪಿಯರಿನದು. ವ್ಯತ್ಯಾಸ 30 ಆದಾಗ 0.3 ಸೆಕೆಂಡಿನೊಳಗೆ, 150 ಆದಾಗ 0.04 ಸೆಕೆಂಡಿನೊಳಗೆ ಅದು ಬೀಳಬೇಕು. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಲೇಬೇಕು: ಆರ್‌ಸಿಸಿಬಿ ಶಾಕನ್ನು 30 ಮಿಲಿಆಂಪಿಯರಿಗೆ ಕಡಿಮೆ ಮಾಡುವುದಿಲ್ಲ. ಎಷ್ಟು ಹರಿಯಬೇಕೆಂಬುದನ್ನು ವೋಲ್ಟೇಜು ಮತ್ತು ಮೈಯ ರೋಧ ತೀರ್ಮಾನಿಸುತ್ತವೆ. ಎಷ್ಟು ಹೊತ್ತು ಎಂಬುದನ್ನು ಮಾತ್ರ ಈ ಸಾಧನ ತೀರ್ಮಾನಿಸುತ್ತದೆ. ಶಾಕ್ ಹೊಡೆದೇ ಹೊಡೆಯುತ್ತದೆ, ಜೀವ ಉಳಿಯುವುದು ಆ ಹೊತ್ತು ಅಷ್ಟು ಚಿಕ್ಕದಾಗಿರುವುದರಿಂದ. ಕೆಲವು ಬೋರ್ಡುಗಳಲ್ಲಿ 100 ಅಥವಾ 300 ಮಿಲಿಆಂಪಿಯರಿನದು ಇರುತ್ತದೆ. ಅವು ಬೆಂಕಿ ತಡೆಯಲು ಉಪಯುಕ್ತ, ಬಚ್ಚಲಿನಲ್ಲಿ ನಿಂತ ಮಗುವಿಗೆ ಸಾಲದು. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕೊಳ್ಳುವಾಗ ಮುಖದ ಮೇಲೆ ಬರೆದ ಈ ಅಂಕಿಯನ್ನು, ಐಎಸ್‌ಐ ಗುರುತನ್ನು ನೋಡಿ ತನ್ನಿ. ಇನ್ವರ್ಟರ್ ಎಸಿ, ಸ್ಕೂಟರ್ ಚಾರ್ಜರುಗಳಿರುವ ಮನೆಗೆ ‘ಎ’ ಮಾದರಿ ಕೇಳಿ. ಅದರ ಮೇಲಿನ ‘ಟಿ’ ಎಂಬ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಒತ್ತಿದಾಗ ಬೀಳದಿದ್ದರೆ ಅಂದೇ ಬದಲಿಸಿ.

ಆರ್‌ಸಿಸಿಬಿ ಸುಮ್ಮಸುಮ್ಮನೆ ಬೀಳುತ್ತದೆ ಎಂಬ ದೂರು ನನಗೆ ವಾರಕ್ಕೊಂದಾದರೂ ಬರುತ್ತದೆ. ನಾನು ನೋಡಿದಂತೆ ಹೆಚ್ಚಿನ ಬಾರಿ ತಪ್ಪು ಯುಪಿಎಸ್ ತಂತಿಯಲ್ಲಿರುತ್ತದೆ. ಫೇಸನ್ನು ಯುಪಿಎಸ್‌ನಿಂದ ತಂದು, ನ್ಯೂಟ್ರಲ್ಲನ್ನು ಹತ್ತಿರ ಸಿಕ್ಕ ಬೇರೊಂದು ಸರ್ಕ್ಯೂಟಿನಿಂದ ಎರವಲು ಪಡೆದಿರುತ್ತಾರೆ. ಹೋದದ್ದು ಒಂದು ಕಡೆ, ಮರಳಿದ್ದು ಇನ್ನೊಂದು ಕಡೆ ಆದಾಗ ತಾಳೆ ತಪ್ಪುವುದು ಸಹಜ. ಅದನ್ನು ಹುಡುಕಲು ಅರ್ಧ ದಿನ ಬೇಕು, ಆರ್‌ಸಿಸಿಬಿಯನ್ನು ತಪ್ಪಿಸಿ ನೇರ ಕೊಡಲು ಐದು ನಿಮಿಷ ಸಾಕು. ಆ ಐದು ನಿಮಿಷದ ಕೆಲಸವನ್ನು ಯಾರಿಂದಲೂ ಮಾಡಿಸಿಕೊಳ್ಳಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಯುಪಿಎಸ್ ಇರುವ ಮನೆಯಲ್ಲಿ ಇನ್ನೊಂದು ಅಪಾಯವೂ ಇದೆ. ಬೀದಿಯಲ್ಲಿ ‘ಕರೆಂಟ್ ಹೋಗಿದ್ದರೂ’ ಬ್ಯಾಟರಿಯಿಂದ ಬರುವ 230 ವೋಲ್ಟ್ ಅಷ್ಟೇ ಕೊಲ್ಲುವಂಥದ್ದು, ಮತ್ತು ಮೇನ್ ಬಳಿಯ ಆರ್‌ಸಿಸಿಬಿಗೆ ಆ ಸರ್ಕ್ಯೂಟು ಆಗ ಕಾಣುವುದಿಲ್ಲ. ಯುಪಿಎಸ್ ಮುಂದಿನ ಸರ್ಕ್ಯೂಟಿಗೆ ಪ್ರತ್ಯೇಕವಾಗಿ ಇನ್ನೊಂದು ಹಾಕಬೇಕು. ಅದು ಕೆಲಸ ಮಾಡುವಂತೆ ಯುಪಿಎಸ್‌ನ ನ್ಯೂಟ್ರಲ್ ಮತ್ತು ಅರ್ಥ್ ವ್ಯವಸ್ಥೆಯನ್ನೂ ಪರೀಕ್ಷಿಸಿಕೊಳ್ಳಬೇಕು. ಹಾಗೆಯೇ, ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವನನ್ನು ಆರ್‌ಸಿಸಿಬಿ ಬಲ್ಬು ಎಂದೇ ತಿಳಿಯುತ್ತದೆ.

ಈ ಎರಡೂ ಸಾಧನಗಳು ಸರಿಯಾಗಿದ್ದ ಮನೆಯಲ್ಲಿ ಆದ ಹಾನಿಯೊಂದನ್ನು ಹೇಳದಿದ್ದರೆ ವಿಷಯ ಅಪೂರ್ಣವಾಗುತ್ತದೆ. ರಾಜಾಜಿನಗರದಲ್ಲಿ ಮೂರಂತಸ್ತಿನ ಮನೆ, ಮೂರು ಫೇಸಿನ ಸಂಪರ್ಕ, ಒಂದೊಂದು ಅಂತಸ್ತಿಗೆ ಒಂದೊಂದು ಫೇಸ್, ಮೂವರಿಗೂ ನ್ಯೂಟ್ರಲ್ ಒಂದೇ. ಮೇ ತಿಂಗಳ ಸಂಜೆಯ ಮಳೆಗೆ ಮರದ ಕೊಂಬೆ ಬಿದ್ದು ಮನೆಗೆ ಬರುವ ನ್ಯೂಟ್ರಲ್ ಮಾತ್ರ ತುಂಡಾಯಿತು, ಫೇಸುಗಳು ಉಳಿದವು. ಮೇಲಿನ ಅಂತಸ್ತು ಖಾಲಿಯಿತ್ತು, ಅದರ ಮೇನ್ ಆರಿಸಿತ್ತು. ಕೆಳಗೆ 2 ಕಿಲೋವ್ಯಾಟಿನ ಗೀಸರ್, ನಡುವಿನ ಮನೆಯಲ್ಲಿ ಟಿವಿ, ಫ್ಯಾನು, ದೀಪ ಸೇರಿ 150 ವ್ಯಾಟ್. ಮರಳುವ ದಾರಿ ತಪ್ಪಿದ್ದರಿಂದ ಒಂದು ಫೇಸಿನ ಕರೆಂಟ್ ಗೀಸರಿನಲ್ಲಿ ಹೊಕ್ಕು, ಮನೆಯೊಳಗಿನ ನ್ಯೂಟ್ರಲ್ ಮೂಲಕ ಟಿವಿಯೊಳಗೆ ನುಗ್ಗಿ, ಇನ್ನೊಂದು ಫೇಸಿಗೆ ಮರಳತೊಡಗಿತು. ಎರಡು ಫೇಸುಗಳ ನಡುವೆ ಇರುವುದು 400 ವೋಲ್ಟ್. ಗೀಸರಿನ ರೋಧ 26 ಓಮ್, ನಡುಮನೆಯ ಸಾಮಾನುಗಳದ್ದು ಸುಮಾರು 353 ಓಮ್. ರೋಧ ಹೆಚ್ಚಿದ್ದಲ್ಲಿ ವೋಲ್ಟೇಜಿನ ಪಾಲೂ ಹೆಚ್ಚು: ಗೀಸರಿಗೆ 28 ವೋಲ್ಟ್, ಟಿವಿಗೆ 372.

ಹರಿದ ಕರೆಂಟ್ ಒಂದು ಆಂಪಿಯರಿಗಿಂತ ತುಸುವಷ್ಟೇ ಹೆಚ್ಚು, ಆದ್ದರಿಂದ ಎಂಸಿಬಿಗೆ ಕಾಣಲಿಲ್ಲ. ಹೋದದ್ದೆಲ್ಲ ತಂತಿಯಲ್ಲೇ ಮರಳಿತು, ಆದ್ದರಿಂದ ಆರ್‌ಸಿಸಿಬಿಗೂ ಕಾಣಲಿಲ್ಲ. ಅಲ್ಲಿ ಬೇಕಿದ್ದುದು ವೋಲ್ಟೇಜನ್ನೇ ಅಳೆಯುತ್ತ, ಮಿತಿ ಮೀರಿದೊಡನೆ ಕಾಂಟ್ಯಾಕ್ಟರನ್ನು (ವಿದ್ಯುತ್ತಿನಿಂದಲೇ ತೆರೆದು ಮುಚ್ಚುವ ದೊಡ್ಡ ಸ್ವಿಚ್ಚನ್ನು) ಬಿಡಿಸುವ ರಿಲೇ. ಟಿವಿಯ ಬೆಲೆಯ ಮುಂದೆ ಅದು ದೊಡ್ಡ ಖರ್ಚಲ್ಲ, ಆ ಮನೆಗೆ ನಂತರ ಹಾಕಿಕೊಟ್ಟೆ. ಮೊದಲೆಲ್ಲ ಬಲ್ಬುಗಳಿದ್ದಾಗ ನ್ಯೂಟ್ರಲ್ ಹೋದರೆ ಒಂದು ಮನೆಯಲ್ಲಿ ದೀಪ ಮಂಕಾಗಿ ಪಕ್ಕದ ಮನೆಯಲ್ಲಿ ಕಣ್ಣು ಕೋರೈಸುತ್ತಿತ್ತು, ಜನ ಎದ್ದು ಮೇನ್ ಆರಿಸುತ್ತಿದ್ದರು. ಎಲ್‌ಇಡಿ ದೀಪಗಳು ವೋಲ್ಟೇಜಿನ ಏರಿಳಿತವನ್ನು ಅಷ್ಟಾಗಿ ತೋರಿಸುವುದಿಲ್ಲ. ಉಳಿದಿರುವ ಸೂಚನೆ ಫ್ಯಾನು. ಆ ಸಂಜೆ ನಡುಮನೆಯ ಅಜ್ಜಿ, ಗಾಳಿ ಇದ್ದಕ್ಕಿದ್ದಂತೆ ಜೋರಾಗಿ ಫ್ಯಾನು ಗುಂಯ್ ಎನ್ನತೊಡಗಿತು ಎಂದು ಮಗನನ್ನು ಕೂಗಿ ಹೇಳಿದ್ದರಂತೆ. ಮಗ ಬೋರ್ಡಿನ ಬಳಿ ಬಂದು ನೋಡಿದರು. ಎಂಸಿಬಿಗಳೆಲ್ಲ ಮೇಲೇ ಇದ್ದವು, ಹಾಗೆಯೇ ಬಿಟ್ಟು ಒಳಗೆ ಹೋದರು.