ತರಗೆಲೆಯೊಳಗೆ ಮಲಗುವ ಬಾವಲಿ

ಅಮೆರಿಕದ ಮಿಸೂರಿ ರಾಜ್ಯದ ಓಜಾರ್ಕ್ ಗುಡ್ಡಗಳ ಓಕ್ ಕಾಡಿಗೆ ಚಳಿಗಾಲದ ಕೊನೆಯಲ್ಲಿ, ಕಾಡು ನೋಡಿಕೊಳ್ಳುವ ನಾವೇ ಬೆಂಕಿ ಹಾಕುತ್ತೇವೆ. ಕಾಡಿಗೆ ಒಳ್ಳೆಯದೇ: ಒಣ ಸೌದೆ ಕರಗುತ್ತದೆ, ಹುಲ್ಲು ಚಿಗುರುತ್ತದೆ. ಆದರೆ ಆ ತರಗೆಲೆಯ ಅಡಿಯಲ್ಲಿ ಕೆಂಪು ಬಾವಲಿ ಮಲಗಿರಬಹುದು.

ಈ ಕೆಂಪು ಬಾವಲಿ (ವೈಜ್ಞಾನಿಕ ಹೆಸರು ಲಾಸಿಯುರಸ್ ಬೊರಿಯಾಲಿಸ್) ಗುಹೆಗೆ ಹೋಗುವ ಜಾತಿಯಲ್ಲ. ಬೇಸಿಗೆಯಲ್ಲಿ ಎಲೆಗಳ ನಡುವೆ ಒಂಟಿಯಾಗಿ, ಎಷ್ಟೋ ಸಲ ಒಂದೇ ಕಾಲಲ್ಲಿ ಜೋತುಬಿದ್ದಿರುತ್ತದೆ. ತೂಕ ಸುಮಾರು 10–12 ಗ್ರಾಂ. ಗಂಡಿಗೆ ಇಟ್ಟಿಗೆ ಕೆಂಪು, ಹೆಣ್ಣಿಗೆ ತುಸು ಮಾಸಲು ಬಣ್ಣ. ಕೊಂಬೆ ಅಲ್ಲಾಡಿದರೆ ಒಣಗಿದ ಎಲೆಯಂತೆ ತಾನೂ ತೂಗುತ್ತದೆ. ಆದರೂ ಬ್ಲೂ ಜೇ ಹಕ್ಕಿಯ ಕಣ್ಣು ತಪ್ಪಿಸಿಕೊಳ್ಳುವುದು ಕಷ್ಟ. ಸಂಗಾತಿಯ ಜೊತೆ ಕೂಡುವುದು ಬೇಸಿಗೆಯ ಕೊನೆ, ಶರತ್ಕಾಲದಲ್ಲಿ. ವೀರ್ಯವನ್ನು ಹೆಣ್ಣು ಚಳಿಗಾಲವಿಡೀ ಒಳಗೇ ಇಟ್ಟುಕೊಂಡು ವಸಂತದಲ್ಲಿ ಗರ್ಭ ಕಟ್ಟುತ್ತದೆ. ಬಾವಲಿಗಳಲ್ಲಿ ಸಾಮಾನ್ಯವಾಗಿ ಒಂದೇ ಮರಿ. ಇದಕ್ಕೆ ಎರಡು ಮೂರು, ಅಪರೂಪಕ್ಕೆ ಐದು. ಮೊಲೆಗಳೂ ನಾಲ್ಕು.

ಚಳಿ ಬಂತೆಂದರೆ ಉತ್ತರದವು ದಕ್ಷಿಣಕ್ಕೆ ವಲಸೆ ಹೊರಡುತ್ತವೆ. ದಾರಿಯಲ್ಲಿ ಗಾಳಿಯಂತ್ರಗಳ ರೆಕ್ಕೆಗೆ ಸಿಕ್ಕಿ ಸಾಯುವುದೂ ಬಹಳ. ಗಾಳಿ ನಿಧಾನವಿರುವ ಶರತ್ಕಾಲದ ರಾತ್ರಿಗಳಲ್ಲಿ ಯಂತ್ರ ನಿಲ್ಲಿಸಿದರೆ ಸಾವು ಗಣನೀಯವಾಗಿ ಇಳಿಯುತ್ತದೆ. ಹೀಗೆ ನಿಲ್ಲಿಸಿದರೆ ವಿದ್ಯುತ್ ನಷ್ಟವಾಗುತ್ತದೆ ಎಂಬ ಮಾತು ಅತಿಯಾಯಿತೆಂದೇ ನನ್ನ ಅನಿಸಿಕೆ.

ಓಜಾರ್ಕ್‌ನಲ್ಲಿ ಬಿಸಿಲಿರುವ ಚಳಿಗಾಲದ ದಿನ ಇವು ಮರದಲ್ಲೇ ಇರುತ್ತವೆ. ನೀರು ಹೆಪ್ಪುಗಟ್ಟುವ ಚಳಿ ಬಿದ್ದಾಗ ಕೆಳಗಿಳಿದು, ಹೆಚ್ಚಾಗಿ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನ ತರಗೆಲೆಯೊಳಗೆ ಹುದುಗುತ್ತವೆ. ಬಾಲದ ಪೊರೆಯ ಮೇಲೂ ದಟ್ಟ ಕೂದಲಿದೆ. ಅದನ್ನೇ ಹೊಟ್ಟೆಯ ಮೇಲೆ ಎಳೆದು ಹೊದೆದುಕೊಂಡು, ಮೈ ತಣ್ಣಗಾಗಿ ಕದಲದೆ ಬಿದ್ದಿರುವ ಜಡನಿದ್ರೆಗೆ ಜಾರುತ್ತವೆ.

ಹೊಗೆಯ ವಾಸನೆಗೆ, ಬೆಂಕಿಯ ಚಟಪಟ ಸದ್ದಿಗೆ ಎಚ್ಚರವಾಗುತ್ತದೆ ನಿಜ. ಆದರೆ ಮೈ ಬೆಚ್ಚಗಾಗದೆ ಹಾರಲಾಗದು. ಕೊರೆಯುವ ಬೆಳಗಿನಲ್ಲಿ ಅದಕ್ಕೆ ಹತ್ತಾರು ನಿಮಿಷ ಬೇಕು. ಜ್ವಾಲೆ ಅಷ್ಟು ಹೊತ್ತು ಕಾಯುವುದಿಲ್ಲ. ಹಾಗಾಗಿ ಬೆಂಕಿ ಹಾಕುವ ದಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ದಾಟಿರಲಿ, ಹೊತ್ತು ಮಧ್ಯಾಹ್ನಕ್ಕೆ ತಿರುಗಿರಲಿ ಎನ್ನುತ್ತೇನೆ. ನಾಲ್ಕೂ ಕಡೆಯಿಂದ ಒಮ್ಮೆಲೇ ಹಚ್ಚುವುದು ಬೇಡ. ಹಿಂದಿನ ರಾತ್ರಿ ಹಿಮ ಬಿದ್ದಿದ್ದರೆ ದಕ್ಷಿಣದ ಇಳಿಜಾರನ್ನು ಆ ದಿನದ ಪಟ್ಟಿಯಿಂದಲೇ ತೆಗೆಯಿರಿ.