ಮೆಣಸಿನ ಎಣ್ಣೆಗೆ ಘಮ ಇದೆ, ಖಾರ ಯಾಕಿಲ್ಲ?

ಪ್ರಶ್ನೆ: ಮೈಸೂರಿನ ದೇವರಾಜ ಮಾರುಕಟ್ಟೆ ಹತ್ತಿರದ ಅಂಗಡಿಯಿಂದ ಕರಿಮೆಣಸಿನ ಸುಗಂಧ ತೈಲದ ಚಿಕ್ಕ ಬಾಟಲಿ ತಂದೆ. ವಾಸನೆ ಅಪ್ಪಟ ಮೆಣಸಿನದೇ. ನಾಲಿಗೆಗೆ ಒಂಚೂರು ತಾಗಿಸಿದರೆ ಮೆಣಸಿನ ಖಾರವೇ ಇಲ್ಲ! ಕಲಬೆರಕೆ ಇರಬಹುದಾ?
– ಮಂಡ್ಯದ ಓದುಗರೊಬ್ಬರು

ಉತ್ತರ: ಖಾರ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಅಂಗಡಿಯವರನ್ನು ಅನುಮಾನಿಸಬೇಡಿ. ಅಪ್ಪಟ ಎಣ್ಣೆಯಲ್ಲೂ ಆ ಖಾರ ಇರುವುದಿಲ್ಲ. ಮೆಣಸಿಗೆ ಘಮ ಕೊಡುವ ವಸ್ತುಗಳೇ ಬೇರೆ, ಖಾರ ಕೊಡುವ ವಸ್ತುವೇ ಬೇರೆ.

ಖಾರ ಪೈಪರಿನ್‌ನದು. 1819ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಅರ್ಸ್ಟೆಡ್ ಇದನ್ನು ಮೆಣಸಿನಿಂದ ಬೇರ್ಪಡಿಸಿದರು. ಇದು ಹರಳಿನ ರೂಪದ ಗಟ್ಟಿ ವಸ್ತು. ಕರಗಲು ಸುಮಾರು 130 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಎಣ್ಣೆ ತೆಗೆಯುವಾಗ ಜಜ್ಜಿದ ಮೆಣಸಿಗೆ ನೀರಿನ ಹಬೆ ಹಾಯಿಸುತ್ತಾರೆ. ಹಬೆಯ ಜೊತೆ ಹಾರಬಲ್ಲದ್ದು ಮೇಲೇರಿ, ತಣಿದು, ನೀರಿನ ಮೇಲೆ ಎಣ್ಣೆಯಾಗಿ ತೇಲುತ್ತದೆ. ಪೈಪರಿನ್ ಹಾಗೆ ಹಾರುವುದಿಲ್ಲ. ಚರಟದಲ್ಲೇ ಉಳಿದುಬಿಡುತ್ತದೆ.

ಹಾರಿ ಬರುವವು ಮಾತ್ರ ಹತ್ತಾರು. ಲಿಮೊನೀನ್, ಸಾಬಿನೀನ್, ಪೈನೀನ್, ಕರೀನ್, ಕ್ಯಾರಿಯೊಫಿಲೀನ್ ಇವುಗಳಲ್ಲಿ ಮುಖ್ಯವಾದವು. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ ಜಾಸ್ತಿ ಇರುವುದು ಲಿಮೊನೀನೇ. ಕ್ಯಾರಿಯೊಫಿಲೀನ್ ಲವಂಗದಲ್ಲೂ ಇದೆ. ತಳಿ, ಬೆಳೆದ ಜಾಗ, ಕೊಯ್ದ ಹದ ಬದಲಾದಂತೆ ಇವುಗಳ ಪ್ರಮಾಣವೂ ಬದಲಾಗುತ್ತದೆ.

ನನಗೆ ತುಂಬಾ ಇಷ್ಟವಾದ ಸಂಗತಿ ಬೇರೆಯೇ ಇದೆ. ‘ಇದು ಮೆಣಸೇ’ ಅನ್ನಿಸುವ ಆ ಘಾಟಿನಲ್ಲಿ ದೊಡ್ಡ ಪಾಲು ರೊಟಂಡೋನ್‌ನದು. ಇರುವುದು ತೀರಾ ಅಲ್ಪ, ವಾಸನೆ ಮಾತ್ರ ಬಲು ಜೋರು. ಆಸ್ಟ್ರೇಲಿಯಾದ ವಿಜ್ಞಾನಿಗಳು ಶಿರಾಜ್ ದ್ರಾಕ್ಷಿಗೆ ಮೆಣಸಿನ ವಾಸನೆ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋಗಿ ಇದನ್ನು ಪತ್ತೆ ಮಾಡಿದರು, 2008ರಲ್ಲಿ ಪ್ರಕಟಿಸಿದರು. ಅವರ ಪರೀಕ್ಷೆಯಲ್ಲಿ 5 ಜನರಲ್ಲಿ ಸುಮಾರು ಒಬ್ಬರಿಗೆ ಆ ವಾಸನೆ ಗೊತ್ತೇ ಆಗಲಿಲ್ಲ!

ಸಾರಿಗೆ ಮೆಣಸನ್ನು ಮೊದಲೇ ಹಾಕಿ ತುಂಬಾ ಹೊತ್ತು ಕುದಿಸಿದರೆ ಮನೆಯೆಲ್ಲ ಘಮಘಮ, ಸಾರಿನಲ್ಲಿ ಬರೀ ಖಾರ, ಅಲ್ವಾ? ಕಾರಣ ಇದೇ. ಇಳಿಸುವ ಮುಂಚೆ ಕುಟ್ಟಿ ಹಾಕಿದರೆ ಎರಡೂ ಸಿಗುತ್ತವೆ.

ವೀಳ್ಯದೆಲೆ ಎಣ್ಣೆಯದು ಇದಕ್ಕೆ ಪೂರ್ತಿ ತದ್ವಿರುದ್ಧ. ನಮ್ಮ ಮೈಸೂರು ಚಿಗುರೆಲೆಯೂ ಮೆಣಸೂ ಒಂದೇ ಪೈಪರ್ ಕುಲಕ್ಕೆ ಸೇರಿದವು. ಆದರೆ ವೀಳ್ಯದೆಲೆಯ ಚುರುಕು ಬರುವುದು ಯುಜಿನಾಲ್, ಚಾವಿಬೆಟಾಲ್ ಥರದ ವಸ್ತುಗಳಿಂದ. ಇವೆರಡರಲ್ಲೂ ಇರುವ ಪರಮಾಣುಗಳು ಒಂದೇ, ಜೋಡಣೆಯಲ್ಲಿ ಮಾತ್ರ ಚೂರು ವ್ಯತ್ಯಾಸ. ಇವು ಹಬೆಯ ಜೊತೆ ಹಾರುತ್ತವೆ. ಹಾಗಾಗಿ ಎಲೆಯ ಎಣ್ಣೆಗೆ ಘಮದ ಜೊತೆ ಚುರುಕೂ ಇರುತ್ತದೆ.

ಮೆಣಸಿನ ಖಾರವೂ ಘಮವೂ ಒಟ್ಟಿಗೆ ಬೇಕಿದ್ದರೆ ಅದು ಓಲಿಯೋರೆಸಿನ್. ಅದನ್ನು ಹಬೆಯಿಂದಲ್ಲ, ದ್ರಾವಕದಲ್ಲಿ ನೆನೆಸಿ ತೆಗೆಯುತ್ತಾರೆ.

ಕಲಬೆರಕೆಯ ಅನುಮಾನ ಇನ್ನೂ ಇದ್ದರೆ ಬಿಳಿ ಕಾಗದದ ಮೇಲೆ ಒಂದು ತೊಟ್ಟು ಬಿಟ್ಟು ಮಾರನೇ ದಿನ ನೋಡಿ. ಜಿಡ್ಡಿನ ದಟ್ಟ ಕಲೆ ಉಳಿದರೆ ಅಡುಗೆ ಎಣ್ಣೆಯಂಥದ್ದೇನೋ ಬೆರೆತಿರಬಹುದು. ಆದರೆ ದಯವಿಟ್ಟು ನಾಲಿಗೆಗೆ ಇಟ್ಟು ನೋಡಬೇಡಿ, ಹಾಗೇ ಚರ್ಮಕ್ಕೂ ಹಚ್ಚಬೇಡಿ. ಬಾಟಲಿ ಮುಚ್ಚಳ ಬಿಗಿಯಾಗಿರಲಿ. ಗಾಳಿ ತಾಗಿ ಹಳತಾದ ಲಿಮೊನೀನ್, ಕರೀನ್ ಚರ್ಮಕ್ಕೆ ಅಲರ್ಜಿ ತರಬಲ್ಲವು.