ನಾಬ್ ಪೂರ್ತಿ ತಿರುಗಿಸಿದರೆ ನೀರು ಬೇಗ ಕಾಯುವುದಿಲ್ಲ

ರಿಪೇರಿಗೆಂದು ಯಾವ ಮನೆಗೆ ಹೋದರೂ ನಾನು ಮೊದಲು ನೋಡುವುದು ಗೀಸರ್‌ನ ನಾಬ್. ಹೆಚ್ಚಿನ ಕಡೆ ಅದು ಕೊನೆಯ ಗೆರೆಗೆ ಹೋಗಿ ನಿಂತಿರುತ್ತದೆ. ಇಸ್ತ್ರಿ ಪೆಟ್ಟಿಗೆಯದ್ದೂ ಹಾಗೇ, ಓವನ್‌ದೂ ಹಾಗೇ. ಯಾಕೆ ಇಷ್ಟು ಜಾಸ್ತಿ ಇಟ್ಟಿದ್ದೀರಿ ಎಂದು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ಬೇಗ ಕಾಯಲಿ ಅಂತ."

ಇಲ್ಲ, ಬೇಗ ಕಾಯುವುದಿಲ್ಲ. ಇಷ್ಟು ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ಹೇಳಿದ ಮಾತು ಇದೇ ಇರಬೇಕು. ಹೇಳಿದಾಗ ಎಲ್ಲರೂ ತಲೆಯಾಡಿಸುತ್ತಾರೆ. ಮುಂದಿನ ಸಲ ಹೋದಾಗ ನಾಬ್ ಮತ್ತೆ ಅದೇ ಕೊನೆಯ ಗೆರೆಯಲ್ಲಿರುತ್ತದೆ. ಅದಕ್ಕೇ ಈ ಸಲ ಕೂತು ನಿಧಾನವಾಗಿ ಬರೆಯುತ್ತಿದ್ದೇನೆ.

ಈ ತಪ್ಪು ಎಲ್ಲಿಂದ ಬರುತ್ತದೆ ಎಂದು ನನಗೆ ಅರ್ಥವಾಗುತ್ತದೆ. ನಲ್ಲಿ ಜಾಸ್ತಿ ತಿರುಗಿಸಿದರೆ ನೀರು ಜಾಸ್ತಿ ಬರುತ್ತದೆ. ಗ್ಯಾಸ್ ಒಲೆಯ ಗುಂಡಿ ತಿರುಗಿಸಿದರೆ ಉರಿ ದೊಡ್ಡದಾಗುತ್ತದೆ. ಫ್ಯಾನಿನ ರೆಗ್ಯುಲೇಟರ್ ತಿರುಗಿಸಿದರೆ ಗಾಳಿ ಜೋರಾಗುತ್ತದೆ. ಚಿಕ್ಕಂದಿನಿಂದ ನಮ್ಮ ಕೈಗೆ ಇದೇ ಅಭ್ಯಾಸ. ಗೀಸರ್, ಇಸ್ತ್ರಿ ಪೆಟ್ಟಿಗೆಗಳಲ್ಲಿ ಬಿಸಿಯ ಮಿತಿ ನೋಡಿಕೊಳ್ಳುವ ಭಾಗಕ್ಕೆ ಥರ್ಮೋಸ್ಟಾಟ್ ಎನ್ನುತ್ತಾರೆ. ಅದರ ನಾಬ್ ನೋಡುವುದಕ್ಕೂ ಹಾಗೇ ಇದೆ, ತಿರುಗುವುದೂ ಹಾಗೇ. ಆದರೆ ಅದರ ಹಿಂದೆ ಇರುವುದು ರೆಗ್ಯುಲೇಟರ್ ಅಲ್ಲ, ಒಂದು ಸ್ವಿಚ್. ಸ್ವಿಚ್‌ಗೆ ಗೊತ್ತಿರುವುದು ಎರಡೇ ಕೆಲಸ: ಆನ್ ಆಗುವುದು, ಆಫ್ ಆಗುವುದು. ಆನ್ ಆಗಿರುವಷ್ಟು ಹೊತ್ತು ಕಾಯಿಲ್ ತನ್ನ ಪೂರ್ತಿ ಶಕ್ತಿಯಲ್ಲಿ ಕಾಯಿಸುತ್ತದೆ. 2,000 ವಾಟ್‌ನ ಕಾಯಿಲ್ ಆದರೆ 2,000 ವಾಟ್. ನಾಬ್ 45ರಲ್ಲಿದ್ದರೂ ಅಷ್ಟೇ, 75ರಲ್ಲಿದ್ದರೂ ಅಷ್ಟೇ. ಎಷ್ಟು ಬಿಸಿಯಾದ ಮೇಲೆ ನಿಲ್ಲಿಸಬೇಕು ಎನ್ನುವುದನ್ನು ಮಾತ್ರ ನಾಬ್ ಹೇಳುತ್ತದೆ. ಎಷ್ಟು ಜೋರಾಗಿ ಕಾಯಿಸಬೇಕು ಎನ್ನುವುದು ಅದರ ಕೈಯಲ್ಲಿಲ್ಲ.

ಬಸ್ ಹತ್ತಿ ಕೊನೆಯ ಸ್ಟಾಪಿಗೆ ಟಿಕೆಟ್ ತಗೊಂಡರೆ ಬಸ್ಸು ಜೋರಾಗಿ ಓಡುತ್ತದೆಯಾ? ಇಲ್ಲ ಅಲ್ವಾ? ನಿಮ್ಮ ಸ್ಟಾಪಿಗೆ ಅದು ಬರುವ ಹೊತ್ತಿಗೇ ಬರುತ್ತದೆ. ನೀವು ಇಳಿಯದೆ ಮುಂದೆ ಹೋಗುತ್ತೀರಿ, ಅಷ್ಟೇ.

ಲೆಕ್ಕ ಬೇಕು ಎನ್ನುವವರಿಗೆ ಲೆಕ್ಕವನ್ನೇ ಕೊಡುತ್ತೇನೆ. 1 ಲೀಟರ್ ನೀರು 1 ಡಿಗ್ರಿ ಬಿಸಿಯಾಗಲು ಸುಮಾರು 4,186 ಜೂಲ್ ಬೇಕು. 2,000 ವಾಟ್‌ನ ಕಾಯಿಲ್ ಒಂದು ಸೆಕೆಂಡಿಗೆ 2,000 ಜೂಲ್ ಕೊಡುತ್ತದೆ. 15 ಲೀಟರಿನ ಗೀಸರ್, ಒಳಗೆ 25 ಡಿಗ್ರಿಯ ನೀರು ಎಂದಿಟ್ಟುಕೊಳ್ಳಿ. ಅದು 45 ಡಿಗ್ರಿಗೆ ಬರಲು ಹತ್ತೂವರೆ ನಿಮಿಷ ಬೇಕು. 60ಕ್ಕೆ ಹದಿನೆಂಟು ನಿಮಿಷ. 75ಕ್ಕೆ ಇಪ್ಪತ್ತಾರು ನಿಮಿಷ. ಈಗ ನಾಬ್ 75ರಲ್ಲಿದೆ, ನಿಮಗೆ ಬೇಕಿರುವುದು 45. ಹತ್ತೂವರೆ ನಿಮಿಷಕ್ಕೆ ನೀರು 45ಕ್ಕೆ ಬಂದಿರುತ್ತದೆ. ನಾಬ್ ಎಲ್ಲಿದೆ ಎನ್ನುವುದು ಈ ಲೆಕ್ಕದಲ್ಲಿ ಎಲ್ಲೂ ಬರಲೇ ಇಲ್ಲ, ನೋಡಿ. ತೊಟ್ಟಿ ಕೂಡ ಬಿಸಿಯಾಗಬೇಕು, ವೋಲ್ಟೇಜ್ ಏರಿಳಿಯುತ್ತದೆ, ಹಾಗಾಗಿ ನಿಮ್ಮ ಮನೆಯಲ್ಲಿ ಒಂದೆರಡು ನಿಮಿಷ ಆಚೀಚೆ ಆಗಬಹುದು. ಆದರೆ ಆ ವ್ಯತ್ಯಾಸ ನಾಬ್‌ನಿಂದ ಬರುವುದಲ್ಲ.

ಒಂದು ಮನೆಯಲ್ಲಿ ಅಪ್ಪ ಮಗಳ ನಡುವೆ ಇದೇ ವಿಷಯಕ್ಕೆ ದಿನಾ ಜಗಳ. ಮಗಳು ಕಾಲೇಜಿನಲ್ಲಿ ಓದುತ್ತಿದ್ದಳು. ಅವಳು ನಾಬ್ ಇಳಿಸುವುದು, ಅಪ್ಪ ಏರಿಸುವುದು. ನಾನು ಬೇರೇನೋ ರಿಪೇರಿಗೆ ಹೋಗಿದ್ದೆ, ಇಬ್ಬರೂ ಸೇರಿ ನನ್ನನ್ನು ನ್ಯಾಯಕ್ಕೆ ಕೂರಿಸಿದರು. ಮಾತಾಡಿ ಪ್ರಯೋಜನವಿಲ್ಲ ಎಂದು ನನ್ನ ಥರ್ಮಾಮೀಟರ್ ಅನ್ನೇ ಅವರಿಗೆ ಕೊಟ್ಟು ಬಂದೆ. ಒಂದು ಬೆಳಿಗ್ಗೆ ನಾಬ್ ಪೂರ್ತಿ, ಮರುದಿನ ಬೆಳಿಗ್ಗೆ ನಡುವೆ. ಎರಡೂ ದಿನ ಸ್ವಿಚ್ ಹಾಕಿ ಸರಿಯಾಗಿ ಹತ್ತು ನಿಮಿಷಕ್ಕೆ ಒಂದು ಚೊಂಬು ನೀರು ಹಿಡಿದು ಅಳೆಯಿರಿ ಎಂದೆ. ಮೂರನೇ ದಿನ ಫೋನ್ ಬಂತು. ಎರಡಕ್ಕೂ ಒಂದು ಡಿಗ್ರಿಯಷ್ಟೇ ವ್ಯತ್ಯಾಸ. ಅದೂ ನಡುವೆ ಇಟ್ಟ ದಿನವೇ ಒಂದು ಡಿಗ್ರಿ ಜಾಸ್ತಿ! ಆ ದಿನ ನಲ್ಲಿಯ ನೀರೇ ಸ್ವಲ್ಪ ಬೆಚ್ಚಗಿದ್ದಿರಬೇಕು. ಆಗ ಅಪ್ಪ ಒಂದು ಪ್ರಶ್ನೆ ಕೇಳಿದರು, ಗ್ರಾಹಕರು ನನಗೆ ಕೇಳಿದ ಪ್ರಶ್ನೆಗಳಲ್ಲೇ ಒಳ್ಳೆಯದು: "ಹಾಗಾದ್ರೆ ಆ ನಾಬ್ ಇಟ್ಟಿರೋದಾದ್ರೂ ಯಾಕೆ?" ನಿಲ್ಲಿಸುವುದಕ್ಕೆ ಸ್ವಾಮಿ, ನಿಲ್ಲಿಸುವುದಕ್ಕೆ ಮಾತ್ರ.

ಜಾಸ್ತಿ ಇಟ್ಟರೆ ನಷ್ಟವೇನು ಎಂದು ಮುಂದಿನ ಪ್ರಶ್ನೆ ಬರುತ್ತದೆ. ನೀವು ನಿಂತು ಕಾದು ಸರಿಯಾದ ಹೊತ್ತಿಗೆ ಆಫ್ ಮಾಡುವುದಾದರೆ ದೊಡ್ಡ ನಷ್ಟವಿಲ್ಲ. ಆದರೆ ಯಾರೂ ಹಾಗೆ ಮಾಡುವುದಿಲ್ಲ. ಸ್ವಿಚ್ ಹಾಕಿ ಬೇರೆ ಕೆಲಸಕ್ಕೆ ಹೋಗುತ್ತಾರೆ, ನೀರು 75ಕ್ಕೆ ಏರುತ್ತದೆ, ಆಮೇಲೆ ಅದಕ್ಕೆ ತಣ್ಣೀರು ಬೆರೆಸುತ್ತಾರೆ. ಉಳಿದದ್ದು ತೊಟ್ಟಿಯಲ್ಲೇ ಕೂತು ಆರುತ್ತದೆ. ಹೊರಗೆ 25 ಡಿಗ್ರಿ ಇದ್ದರೆ, 55ರ ನೀರಿಗಿಂತ 75ರ ನೀರು ಒಂದೂ ಮುಕ್ಕಾಲು ಪಟ್ಟಿನ ಹತ್ತಿರಹತ್ತಿರ ವೇಗದಲ್ಲಿ ಶಾಖ ಕಳೆದುಕೊಳ್ಳುತ್ತದೆ. ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದಿಲ್ಲ. ಗಡಸು ನೀರಾಗಿದ್ದರೆ, ಬಿಸಿ ಜಾಸ್ತಿಯಾದಷ್ಟೂ ಕಾಯಿಲ್ ಮೇಲೆ ಬಿಳಿ ಪದರ ಬೇಗ ಕಟ್ಟುತ್ತದೆ. ಆ ಪದರ ಶಾಖವನ್ನು ನೀರಿಗೆ ಬಿಡುವುದಿಲ್ಲ. ಕಾಯಿಲ್ ಒಳಗೊಳಗೇ ಜಾಸ್ತಿ ಕಾದು ಕೊನೆಗೆ ಒಡೆಯುತ್ತದೆ. ನಾನು ಬಿಚ್ಚಿದ ಎಷ್ಟೋ ಕಾಯಿಲ್‌ಗಳು ಸುಣ್ಣದಲ್ಲಿ ಅದ್ದಿ ತೆಗೆದ ಹಾಗೆ ಇರುತ್ತವೆ.

ಹಾಗಂತ ತೀರಾ ಕೆಳಗೂ ಇಳಿಸಬೇಡಿ. ಸುಮಾರು 20ರಿಂದ 45 ಡಿಗ್ರಿಯ ನೀರು ತೊಟ್ಟಿಯಲ್ಲಿ ದಿನಗಟ್ಟಲೆ ನಿಂತರೆ ಲೀಜನೆಲ್ಲಾ ಎನ್ನುವ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿದೆ. ಅದಕ್ಕೇ ದೊಡ್ಡ ತೊಟ್ಟಿಗಳಿಗೆ 60 ಡಿಗ್ರಿ ಹೇಳುತ್ತಾರೆ. ಅದೇ 60 ಡಿಗ್ರಿಯ ನೀರು ನೇರವಾಗಿ ಮೈಮೇಲೆ ಬಿದ್ದರೆ ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಮಕ್ಕಳ ಚರ್ಮ ಇನ್ನೂ ಬೇಗ ಸುಡುತ್ತದೆ. ಎರಡನ್ನೂ ನೋಡಿ ನಡುವೆ ದಾರಿ ಹುಡುಕಬೇಕು: ತೊಟ್ಟಿಯಲ್ಲಿ ಬಿಸಿಯಾಗಿಟ್ಟು ನಲ್ಲಿಯ ಹತ್ತಿರ ತಣ್ಣೀರು ಬೆರೆಸುವುದು. ನಿಮ್ಮ ಗೀಸರ್‌ಗೆ ಎಷ್ಟು ಸರಿ ಎನ್ನುವುದು ಅದರ ಜೊತೆ ಬಂದ ಪುಸ್ತಕದಲ್ಲಿರುತ್ತದೆ. ಅದನ್ನು ನೋಡದೆ ನಾನು ಇಲ್ಲಿಂದ ಒಂದು ಸಂಖ್ಯೆ ಹೇಳುವುದು ಸರಿಯಲ್ಲ.

ಇನ್ನು ಆ ಸ್ವಿಚ್ ಒಳಗೆ ಏನಿದೆ ಎನ್ನುವುದನ್ನು ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಅದು ನನಗೆ ತುಂಬಾ ಇಷ್ಟದ ವಸ್ತು. ಇಸ್ತ್ರಿ ಪೆಟ್ಟಿಗೆಯಲ್ಲಿ ಎರಡು ಲೋಹದ ಪಟ್ಟಿಗಳನ್ನು ಬೆನ್ನಿಗೆ ಬೆನ್ನು ಅಂಟಿಸಿರುತ್ತಾರೆ. ಬಿಸಿಯಾದಾಗ ಒಂದು ಜಾಸ್ತಿ ಹಿಗ್ಗುತ್ತದೆ, ಇನ್ನೊಂದು ಕಮ್ಮಿ. ಅಂಟಿಕೊಂಡಿರುವುದರಿಂದ ಬೇರೆ ದಾರಿಯಿಲ್ಲದೆ ಬಾಗುತ್ತವೆ. ಬಾಗಿದಾಗ ಪಾಯಿಂಟ್, ಅಂದರೆ ಕರೆಂಟ್ ದಾಟುವ ಲೋಹದ ತುದಿ, ಬಿಡುತ್ತದೆ, ಕರೆಂಟ್ ನಿಲ್ಲುತ್ತದೆ. ಇದನ್ನು ಹದಿನೆಂಟನೇ ಶತಮಾನದಲ್ಲೇ ಇಂಗ್ಲೆಂಡಿನ ಜಾನ್ ಹ್ಯಾರಿಸನ್ ತನ್ನ ಸಮುದ್ರಯಾನದ ಗಡಿಯಾರಕ್ಕೆ ಮಾಡಿಕೊಂಡಿದ್ದ. ಚಳಿ ಸೆಕೆಗೆ ಗಡಿಯಾರ ಹಿಂದೆ ಮುಂದೆ ಆಗಬಾರದು ಎಂದು. ಗೀಸರ್‌ನಲ್ಲಿ ಕಡ್ಡಿಯಂಥ ಥರ್ಮೋಸ್ಟಾಟ್ ಇರುತ್ತದಲ್ಲ, ಅದರಲ್ಲಿ ಹೊರಗೆ ಹಿತ್ತಾಳೆಯ ಕೊಳವೆ, ಒಳಗೆ ಇನ್ವಾರ್ ಎನ್ನುವ ಲೋಹದ ಕಡ್ಡಿ. ಕೊಳವೆ ಹಿಗ್ಗುತ್ತದೆ, ಕಡ್ಡಿ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಆ ಕೂದಲೆಳೆಯಷ್ಟು ವ್ಯತ್ಯಾಸವೇ ಸ್ವಿಚ್ಚನ್ನು ಎಳೆಯುತ್ತದೆ. ನೂರಕ್ಕೆ ಸುಮಾರು 36 ಭಾಗ ನಿಕ್ಕಲ್, ಉಳಿದದ್ದು ಕಬ್ಬಿಣ, ಅದೇ ಇನ್ವಾರ್. ಶಾರ್ಲ್ ಎದುವಾರ್ ಗಿಯೋಮ್ ಎಂಬಾತ 1896ರಲ್ಲಿ ಇದನ್ನು ಕಂಡುಹಿಡಿದ. ಅವನು ಹುಡುಕುತ್ತಿದ್ದದ್ದು ಅಳತೆಗೋಲು ಮಾಡಲು ಹಿಗ್ಗದ, ಅಗ್ಗದ ಲೋಹವನ್ನು. ಈ ಕೆಲಸಕ್ಕೆ 1920ರಲ್ಲಿ ಅವನಿಗೆ ನೊಬೆಲ್ ಬಂತು. ಒಂದು ಗೀಸರ್ ಬಿಚ್ಚಿ ಆ ಕಡ್ಡಿ ಕೈಗೆ ತಗೊಂಡಾಗಲೆಲ್ಲ ನನಗೆ ಅವನ ನೆನಪಾಗುತ್ತದೆ.

ಈ ಸ್ವಿಚ್ ನಿಧಾನವಾಗಿ ಬಿಡುವ ಹಾಗಿಲ್ಲ. ಪಾಯಿಂಟ್ ನಿಧಾನವಾಗಿ ಬೇರೆಯಾದರೆ ನಡುವೆ ಕಿಡಿ ಹಾರಿ ಅದು ಸುಟ್ಟುಹೋಗುತ್ತದೆ. ಅದಕ್ಕೇ "ಟಕ್" ಎಂದು ಒಂದೇ ಸಲ ಬಿಡುವ ಹಾಗೆ ಮಾಡಿರುತ್ತಾರೆ. ಬಿಟ್ಟ ಮೇಲೆ ಕೂಡಲೇ ಸೇರುವುದೂ ಇಲ್ಲ. 60ಕ್ಕೆ ಬಿಟ್ಟರೆ, ಕೆಲವು ಡಿಗ್ರಿ ಇಳಿದ ಮೇಲೆ ಮತ್ತೆ ಸೇರುತ್ತದೆ. ಲೈಟ್ ಆರುವುದು, ಹತ್ತುವುದು, ಆರುವುದು, ಇದು ಕೆಟ್ಟಿರುವ ಲಕ್ಷಣವಲ್ಲ. ಇದನ್ನೇ ದೂರು ಎಂದು ಹೇಳಿ ನನ್ನನ್ನು ಕರೆಸುವವರಿದ್ದಾರೆ. ಒಬ್ಬ ಅಜ್ಜಿ ಇಸ್ತ್ರಿ ಪೆಟ್ಟಿಗೆ ಹಿಡಿದು, "ಇದು ನಡುನಡುವೆ ಸುಸ್ತಾಗಿ ಕೂತ್ಕೊಳ್ತದಪ್ಪ" ಎಂದರು. ಸುಸ್ತಲ್ಲ ಅಜ್ಜಿ, ಇಷ್ಟು ಸಾಕು ಎಂದು ನಿಂತಿದೆ ಎಂದೆ. ಪಕ್ಕದಲ್ಲಿ ಕೂತು ಮೂರು ಸಲ ಟಕ್ ಎನ್ನುವುದನ್ನು ಕೇಳಿಸಿದೆ. ಹಣ ತಗೊಳ್ಳಲಿಲ್ಲ.

ಇಸ್ತ್ರಿ ಪೆಟ್ಟಿಗೆಯ ವಿಷಯದಲ್ಲಿ ನಾಬ್ ಏರಿಸುವ ಅಭ್ಯಾಸ ನೇರವಾಗಿ ಬಟ್ಟೆಯನ್ನೇ ತಿನ್ನುತ್ತದೆ. ನಾಬ್ ಮೇಲೆ ಚುಕ್ಕಿಗಳಿರುತ್ತವಲ್ಲ, ಒಂದು ಚುಕ್ಕಿ ಎಂದರೆ ಸುಮಾರು 110 ಡಿಗ್ರಿ, ಎರಡಕ್ಕೆ 150, ಮೂರಕ್ಕೆ 200. ಬೇಗ ಕಾಯಲಿ ಎಂದು ಮೂರಕ್ಕೆ ಇಟ್ಟು, ಆಮೇಲೆ ನೈಲಾನ್ ಬಟ್ಟೆಗೆಂದು ಒಂದಕ್ಕೆ ಇಳಿಸುತ್ತಾರೆ. ನಾಬ್ ಕೂಡಲೇ ಇಳಿಯುತ್ತದೆ, ಕೆಳಗಿನ ತಟ್ಟೆ ಇಳಿಯುವುದಿಲ್ಲ. ಅದು ಆರಲು ಕಾದಷ್ಟಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಬೇಕು. ಕಮ್ಮಿ ಬಿಸಿಯ ಬಟ್ಟೆ ಮೊದಲು, ಜಾಸ್ತಿ ಬಿಸಿಯದ್ದು ಕೊನೆಗೆ.

ನಾನು ಹೇಳಿದ್ದು ಎಲ್ಲ ಗುಂಡಿಗೂ ಅನ್ವಯಿಸುವುದಿಲ್ಲ, ಇದನ್ನೂ ಹೇಳಬೇಕು. ರೂಮ್ ಹೀಟರಿನಲ್ಲಿ ಎರಡು ಸ್ವಿಚ್ ಇದ್ದು ಒಂದು ಹಾಕಿದರೆ ಅರ್ಧ, ಎರಡೂ ಹಾಕಿದರೆ ಪೂರ್ತಿ ಎನ್ನುವುದಿದ್ದರೆ, ಅವು ನಿಜವಾಗಿಯೂ ಶಕ್ತಿಯನ್ನೇ ಬದಲಿಸುತ್ತವೆ. ಕೆಲವು ಕರೆಂಟ್ ಒಲೆಗಳ ಗುಂಡಿ, ಕಾಯಿಲ್ ಎಷ್ಟು ಹೊತ್ತು ಆನ್ ಇರಬೇಕು, ಎಷ್ಟು ಹೊತ್ತು ಆಫ್ ಎಂದು ಹಂಚುತ್ತದೆ. ಅಲ್ಲಿ ಜಾಸ್ತಿ ತಿರುಗಿಸಿದರೆ ಜಾಸ್ತಿ ಶಾಖವೇ ಬರುತ್ತದೆ. ಇನ್ವರ್ಟರ್ ಏಸಿಗಳು ತಮ್ಮ ವೇಗವನ್ನು ತಾವೇ ಬದಲಿಸಿಕೊಳ್ಳುತ್ತವೆ. ಹೀಟರ್ ಒಳಗೇ ಇರುವ ಥರ್ಮೋಸ್ಟಾಟ್ ತನ್ನದೇ ಬಿಸಿಗೆ ಮೋಸಹೋಗಿ ಕೋಣೆ ಬೆಚ್ಚಗಾಗುವ ಮೊದಲೇ ನಿಲ್ಲಿಸುವುದುಂಟು. ಆಗ ಸ್ವಲ್ಪ ಏರಿಸಬೇಕಾಗುತ್ತದೆ. ಕೆಟಲ್‌ನದ್ದು ಬೇರೆಯೇ ಕಥೆ. ಹೆಚ್ಚಿನ ಕೆಟಲ್‌ಗಳು ನೀರಿನ ಬಿಸಿ ನೋಡಿ ನಿಲ್ಲುವುದಲ್ಲ, ಹಬೆ ಒಂದು ಕಿಂಡಿಯಿಂದ ಹೋಗಿ ಅಂಥದೇ ಜೋಡಿ ಲೋಹದ ಪಟ್ಟಿಗೆ ತಾಗಿದಾಗ ನಿಲ್ಲುತ್ತವೆ. ಮುಚ್ಚಳ ತೆರೆದಿಟ್ಟರೆ ಹಬೆ ಮೇಲಿನಿಂದಲೇ ಹೋಗುತ್ತದೆ, ನೀರು ಸುಮ್ನೆ ಕುದಿಯುತ್ತಲೇ ಇರುತ್ತದೆ.

ಕೊನೆಯದಾಗಿ, ನನಗೆ ನಿಜಕ್ಕೂ ಭಯ ಹುಟ್ಟಿಸುವ ಮಾತು: "ಡೈರೆಕ್ಟ್ ಮಾಡ್ಕೊಡಿ." ಅಂದರೆ ನಡುವಿನ ಸ್ವಿಚ್ ತೆಗೆದು ವೈರ್‌ಗಳನ್ನು ನೇರವಾಗಿ ಸೇರಿಸಿಬಿಡಿ ಎಂದು. ಥರ್ಮೋಸ್ಟಾಟ್ ಜೊತೆ ಗೀಸರ್‌ನಲ್ಲಿ ಇನ್ನೊಂದು ಕಾವಲುಗಾರ ಇರುತ್ತದೆ, ಕಟೌಟ್. ಥರ್ಮೋಸ್ಟಾಟ್ ಕೈಕೊಟ್ಟು ನೀರು ಮಿತಿ ಮೀರಿ ಕಾದರೆ ಇದು ಟ್ರಿಪ್ ಆಗುತ್ತದೆ. ಸಾಮಾನ್ಯವಾಗಿ ಒಂದು ಪುಟ್ಟ ಕೆಂಪು ಗುಂಡಿ ಒತ್ತುವವರೆಗೂ ಮತ್ತೆ ಸೇರುವುದಿಲ್ಲ. ಒಬ್ಬರು ಒಂದೇ ತಿಂಗಳಲ್ಲಿ ಮೂರು ಸಲ ಕರೆದರು. ಮೊದಲ ಎರಡು ಸಲ ಬೇರೆ ಯಾರೋ ಬಂದು ಗುಂಡಿ ಒತ್ತಿ ಹೋಗಿದ್ದರಂತೆ. ಮೂರನೇ ಸಲ ನಾನು ಹೋದೆ. "ಈ ಕಟೌಟ್ ಕಿರಿಕಿರಿ ಸರ್, ತೆಗೆದು ಎರಡು ವೈರ್ ಸೇರಿಸಿಬಿಡಿ" ಎಂದರು. ಆಗುವುದಿಲ್ಲ ಎಂದೆ. ಅವರಿಗೆ ಕೋಪ ಬಂತು. ನನಗೂ ಬಂತು. ಮುಚ್ಚಿದ ತೊಟ್ಟಿಯಲ್ಲಿ ನೀರು ಒತ್ತಡದಿಂದಾಗಿ 100 ಡಿಗ್ರಿ ದಾಟಿದರೂ ನೀರಾಗಿಯೇ ಇರುತ್ತದೆ. ಒತ್ತಡ ಬಿಡುವ ವಾಲ್ವ್ ಕೂಡ ಪದರ ಕಟ್ಟಿ ಮುಚ್ಚಿಹೋಗಿದ್ದು ತೊಟ್ಟಿ ಸೀಳಿದರೆ, ಆ ನೀರಿನ ಒಂದು ಪಾಲು ಕ್ಷಣದಲ್ಲಿ ಹಬೆಯಾಗುತ್ತದೆ. ಒಂದು ಲೀಟರ್ ನೀರು ಹಬೆಯಾದರೆ ಸುಮಾರು 1,600 ಲೀಟರ್. ಸ್ನಾನದ ಮನೆಯ ಗೋಡೆ ತಡೆಯುವುದಿಲ್ಲ. ಇಷ್ಟನ್ನೂ ಅವರ ಮುಂದೆ ನಿಂತೇ ಹೇಳಿದೆ.

ಆಮೇಲೆ ಕರೆಂಟ್ ತೆಗೆದು ಥರ್ಮೋಸ್ಟಾಟ್ ಬಿಚ್ಚಿದೆ. ಎರಡು ಪಾಯಿಂಟ್‌ಗಳೂ ಕಿಡಿಗೆ ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ನೀರು ಎಷ್ಟೇ ಕಾದರೂ ಅವು ಬಿಡುವ ಹಾಗಿರಲಿಲ್ಲ. ಮೂರು ಸಲವೂ ಆ ಮನೆಯನ್ನು ಕಾಪಾಡಿದ್ದು ಕಿರಿಕಿರಿ ಎನ್ನಿಸಿಕೊಂಡ ಕಟೌಟೇ. ಹೊಸ ಥರ್ಮೋಸ್ಟಾಟ್ ಹಾಕಿ, ಕಟೌಟ್ ಪರೀಕ್ಷಿಸಿ, ವಾಲ್ವ್ ಬದಲಾಯಿಸಿದೆ. ಹಳೆಯ ಥರ್ಮೋಸ್ಟಾಟ್ ಇಟ್ಟುಕೊಳ್ಳಲಾ ಎಂದು ಕೇಳಿ ತಗೊಂಡು ಬಂದೆ. ಈಗಲೂ ನನ್ನ ಚೀಲದಲ್ಲಿದೆ. ಯಾರಾದರೂ ಡೈರೆಕ್ಟ್ ಮಾಡಿಕೊಡಿ ಎಂದರೆ ಅದನ್ನು ಅವರ ಕೈಗೆ ಕೊಟ್ಟು, ಆ ಎರಡು ಪಾಯಿಂಟ್‌ಗಳನ್ನು ಉಗುರಿನಿಂದ ಬಿಡಿಸಿ ನೋಡಿ ಎನ್ನುತ್ತೇನೆ.